ಅಟ್ ದಿ ರೇಟ್ ಧಾರಣೆ

ನಮ್ಮ ಚಿಕ್ಕಪ್ಪ ಸಾಗರದ ಕಡೆ ಅಡಿಕೆ ತೋಟ ಇಟ್ಟುಕೊಂಡವರು. @ ಗುರುತು ಅವರಿಗೆ ನನಗಿಂತ ಮೊದಲೇ ಪರಿಚಯ. ಮಂಡಿ ಚೀಟಿಯಲ್ಲಿ 'ರಾಶಿ 4 ಕ್ವಿಂಟಲ್ @' ಅಂತ ಬರೆದು, ಮುಂದೆ ಆ ದಿನದ ಧಾರಣೆ ಹಾಕುತ್ತಾರೆ. ಹಾಗಾಗಿ, ಮನೆ ಹೆಸರಿನಲ್ಲೇ ಒಂದು ಇಮೇಲ್ ವಿಳಾಸ ಮಾಡಿಸುತ್ತೇನೆ ಅಂತ ನಾನು ಚೀಟಿಯಲ್ಲಿ ಬರೆದು ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿದರು.

"ಅಲ್ಲ ಮಾರಾಯ, ಈ ಗುರುತು ಆದಮೇಲೆ ರೇಟು ಬರಬೇಕಲ್ಲ? ಇಲ್ಲಿ ಮನೆ ಹೆಸರು ಬಂದಿದೆ. ರೇಟ್ ಎಲ್ಲಿ?"

ನಾನು ನಕ್ಕು ಪಾಠ ಮಾಡಿದೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅನ್ನೋ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಾಗದ ಕಳಿಸುವುದನ್ನು ಕಂಡುಹಿಡಿದರು. ಆಳಿನ ಹೆಸರನ್ನೂ ಯಂತ್ರದ ಹೆಸರನ್ನೂ ಬೇರೆ ಮಾಡಲು ಏನಾದರೂ ಒಂದು ಗುರುತು ಬೇಕಿತ್ತು. ಲೆಕ್ಕದವರು ಬಳಸುವ ಇದು ಕೀಬೋರ್ಡಿನಲ್ಲಿ ಸುಮ್ನೆ ಬಿದ್ದುಕೊಂಡಿತ್ತು, ಎತ್ತಿಕೊಂಡರು. ನಮ್ಮವರು ಈಗಲೂ ಅಟ್ ದಿ ರೇಟ್ ಅಂತಾರೆ ಅಷ್ಟೇ. ಅದಕ್ಕೂ ರೇಟಿಗೂ ಏನೂ ಸಂಬಂಧ ಇಲ್ಲ ಚಿಕ್ಕಪ್ಪ, ಅಂದೆ.

ಇದಾಗಿ ಮೂರು ವಾರ. ಚಿಕ್ಕಪ್ಪನ ಮುಂದೆ ಹೋಗಿ ತಪ್ಪಾಯ್ತು ಅನ್ನಬೇಕು.

ಡೊಮೈನ್, ಅಂದರೆ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು, ಸಿಕ್ಕಿದ್ದು ₹99ಕ್ಕೆ. ಡಾಟ್ ಇನ್. ಬೆಂಗಳೂರಿನಲ್ಲಿ ಒಂದು ಮಸಾಲೆ ದೋಸೆ, ಒಂದು ಬೈಟು ಕಾಫಿಯ ದುಡ್ಡು. ಅಷ್ಟಕ್ಕೆ ಇಡೀ ಇಂಟರ್ನೆಟ್ಟಿನಲ್ಲಿ ನಮ್ಮ ಮನೆ ಹೆಸರು ನಮಗೆ ಮಾತ್ರ. ಹೆಸರು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ಸ್ಪ್ಯಾಮ್ ಬರುತ್ತದೆ. ಈಗಿನ ಪರಿಸ್ಥಿತಿಯಲ್ಲಿ ಅದಾದರೂ ಬರಲಿ ಅನ್ನಿಸುತ್ತದೆ, ಇರಲಿ. ದುಡ್ಡು ಕಟ್ಟುವಾಗ ಕಾರ್ಟಿನೊಳಗೆ ನಾನು ಮುಟ್ಟದೇ ಇದ್ದ ನಾಲ್ಕು ಸಾಮಾನು ಕೂತಿದ್ದವು. ಕರ್ಚೀಫ್ ಕೊಳ್ಳಲು ಹೋದವನಿಗೆ ಸೂಟಿನ ಅಳತೆ ತೆಗೆದಂತೆ. ಒಂದೊಂದಾಗಿ ಇಳಿಸಿದೆ. ಎರಡನೇ ವರ್ಷದಿಂದ ₹849 ಅಂತ ಇರುವೆ ಸಾಲಿನಷ್ಟು ಸಣ್ಣದಾಗಿ ಬರೆದಿದ್ದರು. ಅದನ್ನು ಆಗ ಓದಲಿಲ್ಲ.

ಮರುದಿನ ಬೆಳಿಗ್ಗೆ, ಇನ್ನೇನು ಕಾಗದ ಬರಬಹುದು ಅಂತ ನೋಡಿದರೆ ಡಬ್ಬವೇ ಇಲ್ಲ. ಹೆಸರು ಬೇರೆ, ಆ ಹೆಸರಿಗೆ ಬಂದ ಕಾಗದ ಹಾಕಿಕೊಳ್ಳುವ ಡಬ್ಬ ಬೇರೆ ಅಂತ ಗೊತ್ತಾಗಿದ್ದು ಆವಾಗ. ದೇವರು ವರ ಕೊಟ್ಟಾಗಿತ್ತು. ಪೂಜಾರಿಯನ್ನು ವಿಚಾರಿಸಿರಲಿಲ್ಲ.

ಒಂದು ಕಂಪನಿಯ ಪುಟದಲ್ಲಿ ನಂಬರ್ ಹಾಕಿದ್ದೇ ತಡ, ಫೋನ್ ಬಂತು. ಹುಡುಗಿಯ ದನಿ, ಬಹಳ ಮರ್ಯಾದೆ.

"ಸರ್, ನಿಮ್ಮ ಆರ್ಗನೈಸೇಶನ್ ಹೆಸರು?"

"ಮನೆ."

"ಪ್ರೈವೇಟ್ ಲಿಮಿಟೆಡ್ಡಾ ಸರ್?"

"ಅಲ್ಲಮ್ಮ, ಬರೀ ಮನೆ. ಹೆಂಚಿನದು."

"ಓಕೆ ಸರ್. ಎಂಪ್ಲಾಯೀಸ್ ಎಷ್ಟು ಜನ?"

"ಅಮ್ಮ, ನಾನು, ನನ್ನ ಹೆಂಡತಿ, ಮಗಳು. ಆಮೇಲೆ ಕರೆಂಟ್ ಬಿಲ್ಲು, ಗ್ಯಾಸ್ ಬಿಲ್ಲು ಬರೋಕೆ ಅಂತ ಬೇರೆ ಒಂದು."

"ಹಾಗಾದರೆ ಐದು ಯೂಸರ್ ಸರ್."

"ಕರೆಂಟ್ ಬಿಲ್ಲು ಹೇಗಮ್ಮ ಯೂಸರ್ ಆಗುತ್ತೆ?"

"ಮೇಲ್ ಬರುತ್ತಲ್ವಾ ಸರ್? ಅದೂ ಯೂಸರೇ."

ತಲೆಗೆ ತಿಂಗಳಿಗೆ ₹160. ಐದು ತಲೆಗೆ, ಹನ್ನೆರಡು ತಿಂಗಳಿಗೆ ₹9,600. ಮೇಲೆ 18% ಜಿಎಸ್‌ಟಿ. ಒಟ್ಟು ₹11,328. ಹೆಸರಿಗೆ 99, ಹೆಸರಿನ ಡಬ್ಬಕ್ಕೆ 11 ಸಾವಿರ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಮೂಗುತಿ ತೂಕಕ್ಕೆ ಮೂಗೇ ಕಳಚಿ ಬಿತ್ತು.

ನಾನು ಉಸಿರು ಬಿಟ್ಟಿದ್ದು ಆಕೆಗೆ ಕೇಳಿಸಿರಬೇಕು. "ಸರ್, ಪ್ರತಿ ಯೂಸರಿಗೆ 30 ಜಿಬಿ ಸರ್" ಅಂದಳು. ಫೋನ್ ಇಟ್ಟಮೇಲೆ ಲೆಕ್ಕ ಹಾಕಿದೆ. ಬರೀ ಅಕ್ಷರದ ಒಂದು ಕಾಗದಕ್ಕೆ ಧಾರಾಳವಾಗಿ 10 ಕೆಬಿ ಹಿಡಿಯೋಣ. 30 ಜಿಬಿಗೆ 30 ಲಕ್ಷ ಕಾಗದ. ಅಮ್ಮ ದಿನಕ್ಕೆ ಹತ್ತು ಬರೆದರೂ ಡಬ್ಬ ತುಂಬಲು 820 ವರ್ಷ ಬೇಕು. ಹೊಯ್ಸಳರ ಎರಡನೇ ವೀರಬಲ್ಲಾಳನ ಕಾಲದಲ್ಲಿ ಶುರು ಮಾಡಿದ್ದರೆ ಈಗ ಸುಮಾರಾಗಿ ತುಂಬುತ್ತಾ ಬಂದಿರುತ್ತಿತ್ತು. ಅಮ್ಮ ಇದುವರೆಗೆ ಬರೆದ ಇಮೇಲ್ ಎರಡು. ಅದರಲ್ಲಿ ಒಂದು ಕೈ ತಪ್ಪಿ ಹೋಗಿದ್ದು.

"ಆಮೇಲೆ ಸರ್, ಎಐ ಅಸಿಸ್ಟೆಂಟ್ ಎಲ್ಲರಿಗೂ ಫ್ರೀ. ಅಮ್ಮನ ಮೀಟಿಂಗಿನ ನೋಟ್ಸನ್ನೂ ಅದೇ ಬರೆದುಕೊಡುತ್ತೆ" ಅಂತಲೂ ಆಕೆ ಹೇಳಿದ್ದಳು. ಅಮ್ಮನ ಮೀಟಿಂಗ್ ನಡೆಯುವುದು ಸಂಜೆ ಐದಕ್ಕೆ, ಬೇಲಿ ಹತ್ತಿರ, ಪಕ್ಕದ ಮನೆಯವರ ಜೊತೆ. ಅದರ ನೋಟ್ಸ್ ಯಾರ ಕೈಗೂ ಸಿಗದೇ ಇರುವುದರಿಂದಲೇ ನಮ್ಮ ಕೇರಿ ನೆಮ್ಮದಿಯಾಗಿದೆ. ಈ ಕಾಯಿಲೆ ಒಂದು ಕಂಪನಿಯದಲ್ಲ. 2025ರ ಜನವರಿಯಲ್ಲಿ ಗೂಗಲ್ ಕೂಡ ತನ್ನ ಆಫೀಸು ಮೇಲ್ ಪ್ಲಾನ್‌ಗಳೊಳಗೆ ಜೆಮಿನಿ ಅನ್ನೋ ಎಐಯನ್ನು ಕೂರಿಸಿತು, ಜೊತೆಗೆ ಬೆಲೆಯನ್ನೂ ಏರಿಸಿತು. ಬಾಡಿಗೆಗೆ ಒಂದು ರೂಮ್ ಕೇಳಿದರೆ, ಅಡುಗೆಯವನು ರೂಮಿನೊಳಗೇ ಇರ್ತಾನೆ, ಸಂಬಳ ಬಾಡಿಗೆಯಲ್ಲೇ ಸೇರಿದೆ ಅನ್ನುವಂತೆ.

ಬಿಟ್ಟಿಯ ಕಾಲ ಒಂದಿತ್ತು. ಬಿಟ್ಟಿ ಮೇಲನ್ನು ಜಗತ್ತಿಗೆ ರುಚಿ ಹತ್ತಿಸಿದವರಲ್ಲಿ ಒಬ್ಬರು ಬೆಂಗಳೂರಿನಲ್ಲೇ ಶಾಲೆ ಓದಿದ ಸಬೀರ್ ಭಾಟಿಯಾ. ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರಲ್ಲಿ ಹಾಟ್‌ಮೇಲ್ ಶುರು ಮಾಡಿದರು. ಡಬ್ಬ 2 ಎಂಬಿಯದು, ಆದರೆ ಕಾಸು ಕೇಳಲಿಲ್ಲ. 2004ರಲ್ಲಿ ಜಿಮೇಲ್ 1 ಜಿಬಿ ಕೊಡುತ್ತೇನೆ ಅಂದಿತು. ಹೇಳಿದ್ದು ಏಪ್ರಿಲ್ 1ಕ್ಕೆ, ಹಾಗಾಗಿ ಮೂರ್ಖರ ದಿನದ ತಮಾಷೆ ಅಂದುಕೊಂಡವರೇ ಜಾಸ್ತಿ. 2006ರಲ್ಲಂತೂ ನಿಮ್ಮ ಸ್ವಂತ ಡೊಮೈನ್ ತನ್ನಿ, ಮೇಲ್ ನಾವು ಬಿಟ್ಟಿ ಕೊಡ್ತೀವಿ ಅಂತ ಗೂಗಲ್ಲೇ ಕರೆಯಿತು. 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಬಾಗಿಲು ಹಾಕಿತು. ಒಳಗೆ ಕೂತಿದ್ದ ಹಳಬರಿಗೆ 2022ರಲ್ಲಿ ಎಲೆ ಮುಂದೆ ಬಿಲ್ಲಿಟ್ಟಿತು. ಗಲಾಟೆ ಆಯಿತು. ಆಮೇಲೆ, ವ್ಯಾಪಾರಕ್ಕಲ್ಲ, ಮನೆಮಂದಿಗೆ ಮಾತ್ರ ಅನ್ನುವವರು ಇರಿ, ಉಣ್ಣಿ ಅಂದಿತು. ಆ ಪಂಕ್ತಿಯಲ್ಲಿ ಕೂತವರು ಇವತ್ತಿಗೂ ಎದ್ದಿಲ್ಲ. ಏಳುವುದೂ ಇಲ್ಲ. ಅವರ ಮುಖದಲ್ಲಿ ಒಂದು ಕಳೆ ಇರುತ್ತದೆ, ನೋಡಿದರೆ ಗೊತ್ತಾಗುತ್ತದೆ.

ನನ್ನ ಕಷ್ಟ ಕೇಳಿ ಹೆಂಡತಿಯ ತಮ್ಮ ನಕ್ಕ. ಸಾಫ್ಟ್‌ವೇರಿನವನು. "ಭಾವ, ಯಾರಿಗೆ ಯಾಕೆ ದುಡ್ಡು? ನೀವೇ ಒಂದು ಸರ್ವರ್ ಹಾಕ್ಕೊಂಬಿಡಿ, ಒಂದು ಶನಿವಾರದ ಕೆಲಸ." ಈ 'ಹಾಕ್ಕೊಂಬಿಡಿ' ಅನ್ನೋ ಮಾತು ಕೇಳಿ ಬೋರ್‌ವೆಲ್ ಹಾಕಿಸಿದವರನ್ನು ನಾನು ನೋಡಿದ್ದೇನೆ. ಆದರೂ ಹಾಕಿದೆ, ಮೇಲ್ ಇಟ್ಟು ಸಾಗಿಸುವ ಒಂದು ಕಂಪ್ಯೂಟರನ್ನು ಬಾಡಿಗೆಗೆ ಹಿಡಿದು.

ಕಾಗದ ಹೊರಗೆ ಹೋಗಲು 25ನೇ ನಂಬರಿನ ಬಾಗಿಲು ಬೇಕು. ಸರ್ವರ್ ಬಾಡಿಗೆಗೆ ಕೊಟ್ಟವರು ಆ ಬಾಗಿಲಿಗೆ ಬೀಗ ಜಡಿದಿರುತ್ತಾರೆ, ಯಾಕೆಂದರೆ ಸ್ಪ್ಯಾಮ್ ಹಂಚುವವರೂ ಅದೇ ಬಾಗಿಲಿಂದ ಹೋಗುತ್ತಾರೆ. ಅರ್ಜಿ ಕೊಟ್ಟು ತೆಗೆಸಿದೆ. ಮೇಲ್ ಸಾಗಿಸುವ ನಿಯಮ ಬರೆದಿದ್ದು 1982ರಲ್ಲಿ. ಆಗ ಆ ಊರಲ್ಲಿ ಎಲ್ಲರೂ ಪರಿಚಯದವರೇ, ನೀನ್ಯಾರು ಅಂತ ಕೇಳುವ ಪದ್ಧತಿ ಇರಲಿಲ್ಲ. ಆ ಮರೆವಿಗೆ ಈಗ ಮೂರು ಕಾಗದ ಪತ್ರ ಕೇಳುತ್ತಾರೆ. ಈ ಮನೆಯ ಕಾಗದ ಹೊತ್ತು ತರಲು ಯಾರ್ಯಾರಿಗೆ ಅಪ್ಪಣೆ ಇದೆ ಅನ್ನುವ ಪಟ್ಟಿ, ಅದು ಎಸ್‌ಪಿಎಫ್. ಪ್ರತಿ ಕಾಗದಕ್ಕೂ ಒತ್ತುವ ಅರಗಿನ ಮುದ್ರೆ, ಅದು ಡಿಕಿಮ್. ಇವೆರಡೂ ಹೊಂದದಿದ್ದರೆ ಕಾಗದವನ್ನು ಬುಟ್ಟಿಗೆ ಹಾಕಬೇಕೋ ಬಿಡಬೇಕೋ ಅನ್ನುವ ಹುಕುಂ, ಅದು ಡಿಮಾರ್ಕ್. ದಿನಕ್ಕೆ 5,000 ಮೇಲ್ ಸುರಿಯುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಮೂರನ್ನೂ ಕಡ್ಡಾಯ ಮಾಡಿದೆ. ನಾನು ತಿಂಗಳಿಗೆ ಐದು ಕಳಿಸುವವನು. ಆದರೂ ಮೂರನ್ನೂ ಬರೆದೆ. ಒಂದು ಸೆಮಿಕೋಲನ್ ಬಿಟ್ಟುಹೋಗಿತ್ತು. ಸರಿ ಮಾಡಿ 48 ಗಂಟೆ ಕಾಯಿರಿ ಅಂತ ಬಂತು. ಸೂತಕ ಕಳೆದಂತೆ ಕಾದೆ.

ಆಮೇಲೂ ಹೋಗಲಿಲ್ಲ. ನನಗೆ ಸಿಕ್ಕ ಐಪಿ ನಂಬರಿನಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ಆ ಸರ್ವರಿನ ಮನೆ ನಂಬರಿನಲ್ಲಿ, ಹಿಂದೆ ಇದ್ದ ಬಾಡಿಗೆದಾರ ಯಾರೋ ಲಾಟರಿ ಗೆದ್ದಿದ್ದೀರಿ ಅಂತ ಊರಿಗೆಲ್ಲ ಬರೆದಿದ್ದನಂತೆ. ಹಾಗಾಗಿ ನಂಬರ್ ಕಪ್ಪು ಪಟ್ಟಿಯಲ್ಲಿದೆ. ಅವನ ಕರ್ಮ, ನನ್ನ ಜಾತಕದಲ್ಲಿ. ಪಟ್ಟಿಯಿಂದ ತೆಗೆಸಲು ಒಂದು ಅರ್ಜಿ ಇದೆ. ಅರ್ಜಿಯ ಜೊತೆ ನಿಮ್ಮ ಡೊಮೈನಿನಿಂದಲೇ ಒಂದು ಮೇಲ್ ಕಳಿಸಿ ಅಂತ ಕೇಳಿದರು. ಭಾವಮೈದನಿಗೆ ಫೋನ್ ಮಾಡಿದೆ. "ಭಾವ, ಮೀಟಿಂಗಲ್ಲಿದ್ದೀನಿ" ಅಂದ.

ಬಿಟ್ಟಿಯಾಗಿ ದಾಟಿಸುವ ಸೇವೆಗಳೂ ಇವೆ. ನಮ್ಮ ವಿಳಾಸಕ್ಕೆ ಬಂದಿದ್ದನ್ನು ಎತ್ತಿ ಜಿಮೇಲಿಗೆ ಹಾಕುತ್ತವೆ, ಅಷ್ಟೇ. ಉತ್ತರ ಬರೆದರೆ ಜಿಮೇಲ್ ಹೆಸರಿನಲ್ಲೇ ಹೋಗುತ್ತದೆ. ಮುಂಬಾಗಿಲು ಬಡಿದವನಿಗೆ ಹಿತ್ತಲ ಮನೆಯಿಂದ ಯಾರು ಅಂತ ಕೂಗಿದ ಹಾಗೆ. ಚೆನ್ನೈನ ಜೋಹೊದಲ್ಲಿ ಐದು ಜನಕ್ಕೆ ತಲಾ 5 ಜಿಬಿಯ ಬಿಟ್ಟಿ ಪ್ಲಾನ್ ಇದೆ, ಅದು ನಿಜಕ್ಕೂ ದೊಡ್ಡ ಮಾತು. ಆದರೆ ಅದರ ಮೇಲನ್ನು ಬೇರೆಯವರ ಮೇಲ್ ಆಪ್‌ನೊಳಗೆ ಎಳೆದುಕೊಳ್ಳಲು ಬಿಡುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಒಂದು ಹೊಸ ಚಿಹ್ನೆ ತೋರಿಸಿ ಇದನ್ನು ಒತ್ತು ಅನ್ನುವ ಧೈರ್ಯ ನನಗಿಲ್ಲ. ತಲೆ ಎಣಿಸದೆ ಒಟ್ಟಾರೆ ವರ್ಷಕ್ಕಿಷ್ಟು ಅಂತ ತೆಗೆದುಕೊಳ್ಳುವ ಸಣ್ಣ ಕಂಪನಿಗಳು ಹೊರದೇಶದಲ್ಲಿವೆ, ಸ್ವಿಜರ್ಲೆಂಡಿನ ಮಿಗಾಡು ಅಂಥದ್ದು. ಕರೆಂಟ್ ಬಿಲ್ಲನ್ನು ಮನುಷ್ಯ ಅಂತ ಲೆಕ್ಕ ಹಿಡಿಯದ ಜನ ಭೂಮಿ ಮೇಲೆ ಇದ್ದಾರೆ ಅಂತ ತಿಳಿದು ಕಣ್ಣು ತುಂಬಿ ಬಂತು. ಅಂಥದೇ ಒಂದನ್ನು ಹಿಡಿದೆ. ದುಡ್ಡು ಮಾತ್ರ ಡಾಲರಿನಲ್ಲಿ. ನನ್ನ ಕಾರ್ಡು ದೇಶ ಬಿಟ್ಟು ಹೋಗುವುದಿಲ್ಲ ಅಂತ ಹಠ ಹಿಡಿಯಿತು. ಆಪ್‌ನಲ್ಲಿ ಬದಲಿಸಲು ಹೋದರೆ ನಿಮ್ಮ ಶಾಖೆಗೆ ಹೋಗಿ ಅಂತ ಬಂತು.

ದಾರಿಯಲ್ಲಿ ಬೋರ್ಡುಗಳನ್ನು ನೋಡುತ್ತಾ ಹೋದೆ. ಈ ಹುಚ್ಚು ಹತ್ತಿದ ಮೇಲೆ ಬೇರೆ ಏನೂ ಕಾಣುವುದಿಲ್ಲ. ಒಂದು ಕಲ್ಯಾಣ ಮಂಟಪ, ಕೋಟಿ ಖರ್ಚು ಮಾಡಿ ಕಟ್ಟಿಸಿದ್ದು, ಸ್ವಂತ ವೆಬ್‌ಸೈಟ್ ಇದೆ, ಕೆಳಗೆ ಮೇಲ್ ವಿಳಾಸ ಜಿಮೇಲ್. ಒಂದು ಟೈಲ್ಸ್ ಅಂಗಡಿಯವರು ಜಿಮೇಲ್ ವಿಳಾಸದ ಹಿಂದೆ ಮೂರು ಡಬ್ಲ್ಯು ಸೇರಿಸಿ ಬರೆಸಿದ್ದರು, ಯಾವುದಕ್ಕೂ ಇರಲಿ ಅಂತ. ಮೊದಲೆಲ್ಲ ಇದನ್ನು ನೋಡಿ ನಗುತ್ತಿದ್ದೆ. ಈಗ ಇವರೆಲ್ಲ ಬುದ್ಧಿವಂತರು, ಧಾರಣೆ ಕೇಳಿ ವಾಪಸ್ ಬಂದವರು ಅಂತ ಗೊತ್ತಾಗಿದೆ. ಪೇಂಟರಿಗೆ ಅಕ್ಷರಕ್ಕಿಷ್ಟು ಅಂತ ಒಂದು ಸಲ ಕೊಟ್ಟರೆ ಮುಗಿಯಿತು, ಅವನು ತಿಂಗಳು ತಿಂಗಳು ಬಂದು ಕೇಳುವುದಿಲ್ಲ.

ಬ್ಯಾಂಕಿನಲ್ಲಿ ಕಾರ್ಡಿನ ಕೆಲಸ ಐದು ನಿಮಿಷಕ್ಕೆ ಆಯಿತು. ಅಷ್ಟಕ್ಕೇ ಎದ್ದು ಬರಬೇಕಿತ್ತು. ಸಂಜೆಗೆ ಡಬ್ಬ ತಯಾರಾಗುತ್ತದಲ್ಲ ಅನ್ನುವ ಹುರುಪಿನಲ್ಲಿ, ಹೊಸ ಮೇಲ್ ವಿಳಾಸವನ್ನೂ ಬರೆದುಕೊಳ್ಳಿ ಮೇಡಂ ಅಂದೆ.

"ಹೇಳಿ ಸರ್."

ಹೇಳಿದೆ. ನನ್ನ ಹೆಸರು, ಅಟ್ ದಿ ರೇಟ್, ಮನೆ ಹೆಸರು, ಡಾಟ್ ಇನ್.

"ಆಮೇಲೆ?"

"ಅಷ್ಟೇ."

"ಜಿಮೇಲಾ ಯಾಹೂವಾ ಸರ್?"

"ಎರಡೂ ಅಲ್ಲ. ನಮ್ಮದೇ."

ಮೇಡಂ ಕೈ ತೆಗೆದು ನನ್ನನ್ನು ನೋಡಿದರು. ಆಧಾರ್ ಕಾರ್ಡಿನ ಫೋಟೊ ಜೊತೆ ಹೋಲಿಸಿದರು ಅಂತ ಅನ್ನಿಸಿತು. "ಆಯ್ತು ಸರ್, ನಾನು ಹಾಕ್ಕೋತೀನಿ ಬಿಡಿ" ಅಂದರು. ನನ್ನ ಹಿಂದೆ ಎಂಟು ಜನ ನಿಂತಿದ್ದರು. ಎದ್ದು ಬಂದೆ.

ಸಂಜೆ ಡಬ್ಬ ತಯಾರಾಯಿತು. ಅರಗಿನ ಮುದ್ರೆ, ಪಟ್ಟಿ, ಹುಕುಂ ಎಲ್ಲ ಹಸಿರು. ಚಿಕ್ಕಪ್ಪನಿಗೆ ಮೊದಲ ಕಾಗದ ಬರೆದೆ. ಸಿಕ್ಕಿತು ಅಂತ ವಾಟ್ಸಾಪ್‌ನಲ್ಲಿ ಉತ್ತರ ಕೊಟ್ಟರು. ವಾರ ಕಳೆದರೂ ಬ್ಯಾಂಕಿನ ಸ್ಟೇಟ್‌ಮೆಂಟ್ ಮಾತ್ರ ಬರಲಿಲ್ಲ. ಹೋಗಿ ಪ್ರಿಂಟ್ ತೆಗೆಸಿ ನೋಡಿದೆ. ನನ್ನ ಹೆಸರು, ಡಾಟ್, ಮನೆ ಹೆಸರು, ಡಾಟ್, ಇನ್, ಅದಾದ ಮೇಲೆ @, ಅದಾದ ಮೇಲೆ ಜಿಮೇಲ್ ಡಾಟ್ ಕಾಮ್. ಬದಲಿಸಲು ಹೊಸ ಫಾರಂ, ಆಧಾರ್, ಪಾನ್ ಜೆರಾಕ್ಸ್, ಎರಡು ಫೋಟೊ, ಹತ್ತು ದಿನ.

ಮನೆಗೆ ಬಂದು ಜಿಮೇಲ್ ತೆರೆದು ನೋಡಿದೆ. ಆ ಹೆಸರನ್ನು ಇನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡೆ. ಎರಡು ನಿಮಿಷ ಹಿಡಿಯಿತು. ಅಲ್ಲಿಗೆ ಬಂದಿದ್ದೆಲ್ಲ ಸ್ವಂತ ಡಬ್ಬಕ್ಕೆ ದಾಟಲಿ ಅಂತ ಒಂದು ಗೆರೆ ಎಳೆದೆ.

ರಾತ್ರಿ ಚಿಕ್ಕಪ್ಪ ಫೋನ್ ಮಾಡಿದರು. ಅಡಿಕೆ ಸುದ್ದಿ, ಮಳೆ ಸುದ್ದಿ ಎಲ್ಲ ಆಯಿತು. ಆಮೇಲೆ ಕೇಳಿದರು: "ಅಂತೂ ಅದು ಎಷ್ಟಕ್ಕೆ ಬಿತ್ತಾ?"

"ಯಾವುದು ಚಿಕ್ಕಪ್ಪ? ಎರಡಿದೆ."