ಬಂಗಾರ, ಭಂಗಾರ

ನಮ್ಮ ಕಡೆ ಒಂದು ಅಕ್ಷರದ ತಾಪತ್ರಯ ಇದೆ. ಬಂಗಾರ ಅಂದರೆ ನಿಮಗೆಲ್ಲ ಗೊತ್ತು. ಭಂಗಾರ ಅಂದರೆ ಗುಜರಿ, ಮರಾಠಿಯವರ ಜೊತೆ ಇದ್ದು ಇದ್ದು ನಮ್ಮ ಬಾಯಿಗೂ ಬಂದ ಮಾತು. ಬರೆಯುವಾಗ ಬೇರೆ ಬೇರೆ. ಆದರೆ ರಾಯಬಾಗದ ಕಡೆ ಮಾತಾಡುವಾಗ ಮಹಾಪ್ರಾಣಕ್ಕೆ ಅಂತ ಯಾರೂ ಜಾಸ್ತಿ ಉಸಿರು ಖರ್ಚು ಮಾಡುವುದಿಲ್ಲ. ಹೋದ ವರ್ಷ ದಸರೆಯಲ್ಲಿ ಬನ್ನಿ ಎಲೆ ಹಿಡಿದು "ಬಂಗಾರ ತಗೊಂಡು ಬಂಗಾರದಂಗ ಇರೂಣ" ಅಂತ ಎಲ್ಲರ ಕಾಲಿಗೆ ಬೀಳುತ್ತ ಬರುತ್ತಿದ್ದ ನನ್ನ ತಮ್ಮ ಹಿತ್ತಲ ಕಡೆ ಕೈ ಮಾಡಿ "ಅದನ್ನೂ ಈ ವರ್ಷ ಬಂಗಾರಕ್ಕ ಹಾಕಿಬಿಡೂಣು" ಅಂದಾಗ, ಅವ್ವನಿಗೆ ಅದು ಹರಕೆಯೋ ವ್ಯಾಪಾರವೋ ಒಂದು ಗಳಿಗೆ ತಿಳಿಯಲೇ ಇಲ್ಲ.

ಅದು ಅಂದರೆ ಅಜ್ಜನ ಟ್ರ್ಯಾಕ್ಟರ್.

ಎಚ್‌ಎಂಟಿ 2511. ಎರಡೇ ಸಿಲಿಂಡರ್, 25 ಎಚ್‌ಪಿ. 1976ರಲ್ಲಿ ಸಾಲ ಮಾಡಿ ತಂದದ್ದು. ಆಗ ಟ್ರ್ಯಾಕ್ಟರ್ ಬೇಕು ಅಂದರೆ ಹೆಸರು ಬರೆಸಿ ಕಾಯಬೇಕಿತ್ತಂತೆ. ಈಗ ಮಾರುವವರೇ ಮನೆಗೆ ಬಂದು, ಚಹಾ ಕುಡಿದು, ಅವ್ವನ ಬಿಪಿ ಎಷ್ಟಿದೆ ಅಂತಲೂ ಕೇಳಿಕೊಂಡು ಹೋಗುತ್ತಾರೆ. ಅಜ್ಜನ ಕೈಯಲ್ಲಿ ಇದ್ದದ್ದೂ ಎಚ್‌ಎಂಟಿಯೇ, ಜನತಾ ವಾಚು. 1953ರಲ್ಲಿ ಬೆಂಗಳೂರಲ್ಲಿ ಶುರುವಾದ ಕಂಪನಿ 1961ರಲ್ಲಿ ವಾಚಿಗೆ ಕೈ ಹಾಕಿತು. 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, ಜೆಕೊಸ್ಲೊವಾಕಿಯಾದ ಜೆಟೋರ್ ಮಾದರಿ ಇಟ್ಟುಕೊಂಡು ಟ್ರ್ಯಾಕ್ಟರಿಗೂ ಇಳಿಯಿತು. ಊರಲ್ಲಿ ಇದನ್ನು ಯಾರೂ ಎಚ್‌ಎಂಟಿ ಅನ್ನುತ್ತಿರಲಿಲ್ಲ, "ಜೀಟರ್" ಅನ್ನುತ್ತಿದ್ದರು. ಎರಡೂ ಧಂದೆ ಮುಚ್ಚಲು ಸರ್ಕಾರ ಒಪ್ಪಿದ್ದು ಒಂದೇ ವರ್ಷ, 2016ರಲ್ಲಿ. ವಾಚು ಕಪಾಟಿನಲ್ಲಿತ್ತು. ತೆಗೆದು ನಾಲ್ಕು ಸುತ್ತು ಕೀಲಿ ಕೊಟ್ಟೆ, ಟಿಕ್ ಟಿಕ್ ಅಂತ ಹೊರಟೇ ಬಿಟ್ಟಿತು. ಜೀಟರ್‌ಗೆ ಏಳು ತಿಂಗಳು ಬೇಕಾಯಿತು.

ಬೇವಿನ ಗಿಡದ ಕೆಳಗೆ ಅದು ಹದಿನಾಲ್ಕು ವರ್ಷ ನಿಂತಿತ್ತು. ಮಳೆ ನೀರು ಇಳಿಯಬಾರದು ಅಂತ ಸೈಲೆನ್ಸರ್ ಮೇಲೆ ಅಜ್ಜ ಬೋರಲು ಹಾಕಿದ್ದ ಡಾಲ್ಡಾ ಡಬ್ಬಿ ಹಾಗೇ ಇತ್ತು. ಏರ್ ಕ್ಲೀನರ್ ಒಳಗೆ ಇಲಿ ಸಂಸಾರ. ಡೀಸೆಲ್ ಟ್ಯಾಂಕಿನ ಮುಚ್ಚಳದ ಜಾಗದಲ್ಲಿ ಗೊಬ್ಬರದ ಚೀಲದ ತುಂಡು, ಸುತ್ತ ಸೈಕಲ್ ಟ್ಯೂಬಿನ ಬಿಗಿತ. ಟೂಲ್ ಬಾಕ್ಸ್ ತೆರೆದರೆ ಎರಡು ಪಾನಾ, ಅಂದರೆ ಸ್ಪ್ಯಾನರ್, ಒಂದು ಸುಣ್ಣದ ಡಬ್ಬಿ, ಮತ್ತು ಚೌಕಾಕಾರದ ಐದು ಪೈಸೆ. ಸುಣ್ಣ ಕಲ್ಲಾಗಿತ್ತು. ಪಾನಾಗಳಿಗೆ ಮಾತ್ರ ಒಂದು ಚುಕ್ಕೆ ತುಕ್ಕಿಲ್ಲ, ಗ್ರೀಸ್ ಹಚ್ಚಿ ಹಳೇ ಧೋತರದ ಚೂರಲ್ಲಿ ಸುತ್ತಿಟ್ಟಿದ್ದ. ನಾನು ಬೆಳಗಾವಿಯಲ್ಲಿ ಕೂತು ಮಾಡುವ ಕೆಲಸದಲ್ಲಿ ಯಾವುದನ್ನೂ ಇಷ್ಟು ನೀಟಾಗಿ ಸುತ್ತಿಟ್ಟ ನೆನಪಿಲ್ಲ.

ಭಂಗಾರದವನು ಬಂದ, ಸುತ್ತ ಒಂದು ಸಲ ನಡೆದ, ಕಿಲೋ ಲೆಕ್ಕದಲ್ಲಿ ಒಂದು ರೇಟು ಹೇಳಿದ. ಟ್ರ್ಯಾಕ್ಟರಿಗೆ ಕಿಲೋ ಲೆಕ್ಕ! ಅಲ್ಲಿಯವರೆಗೆ ಸುಮ್ಮನಿದ್ದ ಕಾಕಾ ಎದ್ದು, "ನಿನ್ನ ತೂಕ ಎಷ್ಟೋ, ನಿನಗೊಂದು ರೇಟ್ ಹಚ್ಚತೀನಿ" ಅಂದರು. ವ್ಯವಹಾರ ಅಲ್ಲಿಗೆ ಮುಗಿಯಿತು.

ಚಿಕ್ಕೋಡಿಯಿಂದ ಮಿಸ್ತ್ರಿ ಚಾಚಾ ಬಂದರು. ಎಪ್ಪತ್ತು ದಾಟಿದ ವಯಸ್ಸು, ಕನ್ನಡಕಕ್ಕೆ ದಾರ. ಫ್ಯಾನಿನ ರೆಕ್ಕೆ ಹಿಡಿದು ತಿರುಗಿಸಲು ನೋಡಿ, "ಜಾಮ್ ಆಗೈತ್ರಿ ಸಾಹೇಬ್ರ, ಆದ್ರ ಸತ್ತಿಲ್ಲ" ಅಂದರು. ಹದಿನಾಲ್ಕು ವರ್ಷ ನಿಂತರೆ ಪಿಸ್ಟನ್ನಿನ ರಿಂಗುಗಳು ಲೈನರಿಗೆ, ಅಂದರೆ ಪಿಸ್ಟನ್ ಆಡುವ ಕೊಳವೆಯ ಗೋಡೆಗೆ, ತುಕ್ಕಿನಲ್ಲಿ ಅಂಟಿಕೊಳ್ಳುತ್ತವೆ. ಅವಸರ ಮಾಡಿ ಬೇರೆ ಟ್ರ್ಯಾಕ್ಟರ್ ಕಟ್ಟಿ ಎಳೆದರೆ ಒಳಗೆ ಏನಾದರೂ ಮುರಿಯುವುದು ಖಾತ್ರಿ. ಇಂಜೆಕ್ಟರ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲು ಮತ್ತು ಆಯಿಲ್ ಕಲಸಿ ಸುರಿದು, ದಿನಕ್ಕೊಂದು ಸಲ ಉದ್ದನೆ ರಾಡ್ ಹಾಕಿ ಮೆಲ್ಲಗೆ ಒತ್ತಿ ನೋಡುವುದು, ಅಷ್ಟೇ ಕೆಲಸ. ಕೆಲಸಕ್ಕಿಂತ ಕಾಯುವುದೇ ಜಾಸ್ತಿ. ಒಂಬತ್ತನೇ ದಿನ ಬೆಳಿಗ್ಗೆ ಆರಕ್ಕೆ ಕಾಕಾ ಫೋನು: "ಬಟ್ಟಿನಷ್ಟು ಸರದೈತಿ!" ಮನೆಯಲ್ಲಿ ಯಾರಿಗೋ ಹೆಣ್ಣು ಗೊತ್ತಾದರೆ ಹೇಳುವ ದನಿ ಅದು.

ಮುಚ್ಚಿದ ಕಂಪನಿಯ ಸಾಮಾನು ಎಲ್ಲಿ ಸಿಗುತ್ತದೆ ಅಂತ ನನಗೆ ಚಿಂತೆಯಿತ್ತು. ಚಾಚಾ ಒಂದು ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅಂಚಿನ ಮೇಲಿದ್ದ ಅಂಕಿ ತೋರಿಸಿದರು. 6206. ಬೇರಿಂಗಿಗೆ ಕಂಪನಿ, ದೇಶ ಯಾವುದೂ ಲೆಕ್ಕವಿಲ್ಲ, ನಂಬರೇ ಜಾತಕ. ಕೊನೆಯ 06ನ್ನು ಐದರಿಂದ ಗುಣಿಸಿದರೆ 30, ಒಳಗಿನ ತೂತು 30 ಮಿಲಿಮೀಟರ್. ಈ ನಂಬರು ಹೇಳಿದರೆ ಜಗತ್ತಿನ ಯಾವ ಅಂಗಡಿಯಲ್ಲೂ ಅದೇ ಅಳತೆಯದು ಕೊಡುತ್ತಾರೆ. ಆಯಿಲ್ ಸೀಲ್ ಕೂಡ ಹಾಗೇ. ಒಳ ಅಳತೆ, ಹೊರ ಅಳತೆ, ದಪ್ಪ, ಮುಗಿಯಿತು. ಚಾಚಾ ಶಾಲೆ ಬಿಟ್ಟದ್ದು ಮೂರನೇತ್ತೆಗೆ. ಐದರ ಮಗ್ಗಿ ಮಾತ್ರ ನನಗಿಂತ ಬೇಗ ಹೇಳುತ್ತಾರೆ.

ಲೈನರ್ ಕೆಲಸ ಮಾತ್ರ ಬೆಳಗಾವಿಯ ಉದ್ಯಮಬಾಗಕ್ಕೆ ಬಂತು. ಫೌಂಡ್ರಿ, ಲೇಥು, ಬೀಡಿನ ಪುಡಿಯ ವಾಸನೆಯ ಕಾರ್ಖಾನೆಗಳ ಬಡಾವಣೆ ಅದು. ಬೆಳಗಾವಿಗೂ ಕಬ್ಬಿಣಕ್ಕೂ ನಂಟು ಹಳೆಯದು ಅಲ್ವಾ, ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇಲ್ಲೇ ಸೈಕಲ್ ಅಂಗಡಿ ಇಟ್ಟು, ಮುಂದೆ ಕಬ್ಬಿಣದ ನೇಗಿಲು ಮಾಡಲು ಹೊರಟಾಗ, ಕಬ್ಬಿಣ ತಾಕಿದರೆ ಮಣ್ಣಿಗೆ ವಿಷ ಏರುತ್ತದೆ ಅಂತ ರೈತರು ಮುಟ್ಟಲಿಲ್ಲವಂತೆ. ಅಜ್ಜ ಜೀಟರ್ ತಂದಾಗಲೂ ಪಕ್ಕದ ಹೊಲದ ಮುದುಕ ಎರಿ ಮಣ್ಣು ತುಳಿತಕ್ಕೆ ಗಟ್ಟಿಯಾಗುತ್ತದೆ ಅಂತ ಬದುವಿನ ಮೇಲೆ ನಿಂತು ಬೈದಿದ್ದನಂತೆ. ಮುದುಕನ ಮಾತಲ್ಲಿ ನಿಜವಿತ್ತು ಅಂತ ಈಗ ಮಣ್ಣಿನ ಬಗ್ಗೆ ಓದಿದವರೂ ಹೇಳುತ್ತಾರೆ, ಅದು ಬೇರೆ ಕತೆ.

ಜಗಳ ಆದದ್ದು ಬಣ್ಣಕ್ಕೆ. ತಮ್ಮನಿಗೆ ಮೆಟಾಲಿಕ್ ಪೇಂಟು, ಬಾನೆಟ್ ತುಂಬ ಸ್ಟಿಕರ್, ಹಿಂದೆ ಡೆಕ್ಕು. ಕಬ್ಬಿನ ಸೀಜನ್ನಿನಲ್ಲಿ ನಮ್ಮ ರಸ್ತೆಗಳನ್ನು ನೋಡಿದವರಿಗೆ ಗೊತ್ತು, ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಬರುವುದು ಕಣ್ಣಿಗಿಂತ ಮೊದಲು ಎದೆಗೆ ಗೊತ್ತಾಗುತ್ತದೆ, ಹಾಡಿನ ಹೊಡೆತಕ್ಕೆ. ಕಾಕಾಗೆ ಮೊದಲಿನ ಬಣ್ಣವೇ ಬೇಕು. ಮೊದಲಿನದು ಯಾವುದು? ಪ್ರತಿ ಜಾತ್ರೆಗೆ ಕೈಗೆ ಸಿಕ್ಕ ಬಣ್ಣ ಬಳಿದಿದ್ದರು. ಪಾಲಿಶ್ ಪೇಪರ್ ನೀರಿಗೆ ಅದ್ದಿ ಒಂದು ಅಂಗೈಯಷ್ಟು ಜಾಗ ಉಜ್ಜಿದೆವು. ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಮತ್ತೊಂದು ನೀಲಿ, ಕೊನೆಗೆ ಇಟ್ಟಿಗೆಯಂಥ ಕೆಂಪು. "ಇದೇ ನೋಡು!" ಅಂದರು ಕಾಕಾ. "ರೆಡ್ ಆಕ್ಸೈಡ್ ಅದು, ಪ್ರೈಮರ್" ಅಂದರು ಚಾಚಾ. ಇಬ್ಬರೂ ಇವತ್ತಿಗೂ ಒಪ್ಪಿಲ್ಲ.

ನನ್ನನ್ನು ಕೇಳಿದರೆ ಬಣ್ಣವೇ ಬೇಡ. ಎಡಗಡೆಯ ಮಡ್‌ಗಾರ್ಡ್ ಮೇಲೆ ಒಂದು ತಗ್ಗು ಇದೆ, ಅವ್ವ ಮೂವತ್ತು ವರ್ಷ ಬುತ್ತಿಗಂಟು ತೊಡೆಯ ಮೇಲೆ ಇಟ್ಟುಕೊಂಡು ಹೊಲಕ್ಕೆ ಕೂತು ಹೋದ ಜಾಗ. ಅಲ್ಲಿ ಬಣ್ಣವೆಲ್ಲ ಸವೆದು ತಗಡು ಕೊಡದ ಕಂಠದ ಹಾಗೆ ಹೊಳೆಯುತ್ತದೆ. ಪೇಂಟರ್ ಅದನ್ನು ಬಡಿದು ಸಮ ಮಾಡಿ ಪುಟ್ಟಿ ಹಚ್ಚುತ್ತೇನೆ ಅಂದ. ಹೊಸದು ಬೇಕಿದ್ದರೆ ಹೊಸದನ್ನೇ ತರಬಹುದಿತ್ತಲ್ಲ! ಇಂಜಿನ್ನಿಗೆ ಎಷ್ಟು ಬೇಕಾದರೂ ಹೊಸ ಸಾಮಾನು ಹಾಕಿ, ನನ್ನ ತಕರಾರಿಲ್ಲ, ಕೂತು ಸವೆಸಿದ್ದನ್ನು ಮಾತ್ರ ಮುಟ್ಟಬೇಡಿ ಅಂದೆ. ತಮ್ಮ ಎರಡು ದಿನ ಮಾತು ಬಿಟ್ಟ.

ಈ ನಡುವೆ ಅದಕ್ಕೆ ವಿಂಟೇಜ್ ಅಂತ ಕಾಗದ ಮಾಡಿಸೋಣ ಅಂತಲೂ ಓಡಾಡಿದೆ. 2021ರ ಕೇಂದ್ರದ ನಿಯಮದಲ್ಲಿ ಆ ಮರ್ಯಾದೆ ಇರುವುದು ಐವತ್ತು ವರ್ಷ ದಾಟಿದ ಕಾರು, ಬೈಕುಗಳಿಗೆ. ಟ್ರ್ಯಾಕ್ಟರ್ ಅದರಲ್ಲಿಲ್ಲ. ಸಿಕ್ಕಿದ್ದರೂ ದಿನಾ ರಸ್ತೆಗೆ ತರುವ ಹಾಗಿಲ್ಲ. ಬಿಟ್ಟುಬಿಟ್ಟೆ.

ಇಂಜಿನ್ ಶುರು ಮಾಡಿದ್ದು ಒಂದು ಅಮಾವಾಸ್ಯೆಯ ದಿನ, ಪೂಜೆಗೆ ಕಾಯಿ ಹೇಗೂ ಇತ್ತು. ಮೊದಲು ಏರ್ ತೆಗೆಯಬೇಕು. ಡೀಸೆಲ್ ಪೈಪಿನಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಇಂಜಿನ್ ಹೊರಡುವುದಿಲ್ಲ. ಫಿಲ್ಟರಿನ ಬೋಲ್ಟ್ ಸಡಿಲಿಸಿ ಚಾಚಾ ಕೈಪಂಪು ಒತ್ತುತ್ತ ಹೋದರು. ಮೊದಲು ಬರೀ ನೊರೆ, ಆಮೇಲೆ ಬುಸ್ ಬುಸ್, ಆಮೇಲೆ ಎಳೆ ಕಡಿಯದ ಡೀಸೆಲ್. ಬೋಲ್ಟ್ ಬಿಗಿದರು. ಹೊಸ ಬ್ಯಾಟರಿ, ಹೊಸ ಸೆಲ್ಫ್ ಸ್ಟಾರ್ಟರ್. ಎರಡು ಸಲ ಕೆಮ್ಮಿತು, ಮೂರನೇ ಸಲ ಧಡ್ ಅಂತ ಎದ್ದಿತು. ಡಾಲ್ಡಾ ಡಬ್ಬಿ ತೆಗೆಯಲು ಎಲ್ಲರೂ ಮರೆತಿದ್ದೆವು. ಅದು ಬೇವಿನ ಗಿಡದ ಎತ್ತರಕ್ಕೆ ಹಾರಿ ಪಕ್ಕದವರ ಬಣವಿಯ ಆಚೆ ಬಿತ್ತು, ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಕರೀ ಹೊಗೆ ತೆಳುವಾಗುತ್ತ ಬಂದ ಮೇಲೆ ಆ ಎರಡು ಸಿಲಿಂಡರಿನ ಸದ್ದು ಒಂದು ಲಯಕ್ಕೆ ಬಂತು ನೋಡಿ, ಡುಗ್ಗು ಡುಗ್ಗು, ನಡುವೆ ಒಂದು ಉಸಿರು ಬಿಟ್ಟ ಹಾಗೆ. ಅವ್ವ ಏನೂ ಅನ್ನಲಿಲ್ಲ. ಸೆರಗಲ್ಲಿ ಮಡ್‌ಗಾರ್ಡ್ ಒರೆಸಿ ಹತ್ತಿ ಕೂತಳು.

ಊರ ಸುತ್ತ ಒಂದು ರೌಂಡು ಹೊಡೆದು ಬಂದ ಕಾಕಾ ಅದನ್ನು ಹೊಸದಾಗಿ ಹಾಕಿಸಿದ ಶೆಡ್ಡಿಗೆ ತರಲಿಲ್ಲ. ಬಾವಿಯ ಪಕ್ಕದ ಇಳಿಜಾರಿಗೆ ಒಯ್ದರು. ಬ್ಯಾಟರಿಗೆ ದುಡ್ಡು ಯಾಕೆ, ಇಳಿಜಾರು ಪುಕ್ಕಟೆ ಇದೆಯಲ್ಲ ಅಂತ ಅಜ್ಜ ಯಾವಾಗಲೂ ನಿಲ್ಲಿಸುತ್ತಿದ್ದ ಜಾಗ ಅದು, ದೂಡಿದರೆ ಸಾಕು, ಗೇರಿಗೆ ಹಾಕಿದ ಕೂಡಲೇ ಶುರುವಾಗುತ್ತಿತ್ತು. "ಕಾಕಾ, ಸೆಲ್ಫ್ ಹಾಕಿಸೇವಲ್ಲ" ಅಂದೆ. "ಹೌದಪಾ, ಇರಲಿ" ಅನ್ನುತ್ತ ಅವರು ಬಗ್ಗಿ ಹುಲ್ಲಲ್ಲಿ ಕೈಯಾಡಿಸಿ ಹುಡುಕಿ, ಅದೇ ಹಳೇ ಕಲ್ಲನ್ನು ತಂದು ಹಿಂದಿನ ಗಾಲಿಗೆ ಕೊಟ್ಟರು.