ಓಕ್‌ಲ್ಯಾಂಡಿನಲ್ಲಿ ಉಳಿದ ತಂಡಗಳ ಬಗ್ಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ದೀಪಾವಳಿ ಊಟ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಾನು ಓಕ್‌ಲ್ಯಾಂಡ್ ಬ್ಯಾಲರ್ಸ್ ಎಂಬ ಬೇಸ್‌ಬಾಲ್ ತಂಡ ಚಾಂಪಿಯನ್ ಆದ ಕಥೆ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದವರು ಕೇಳಿದರು, "ಅದು ಚಿಕ್ಕ ಲೀಗ್ ಅಲ್ವಾ ಸರ್? ಅದಕ್ಕೂ ಟಿಕೆಟ್ ತಗೊಂಡು ಅಷ್ಟು ದೂರ ಹೋಗ್ತೀರಾ?"

ಊಟದ ಹೊತ್ತು, ಜಾಸ್ತಿ ಮಾತಾಡಲಿಲ್ಲ. ಹೌದು ಅಂದು ಸುಮ್ಮನಾದೆ. ಆದರೆ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಿಂದ ಇಲ್ಲಿಗೆ ಬಂದಿದ್ದು 2009ರಲ್ಲಿ. ಆಗ ಓಕ್‌ಲ್ಯಾಂಡ್ ಒಂದೇ ಊರಿನಲ್ಲಿ ಮೂರು ದೊಡ್ಡ ತಂಡಗಳಿದ್ದವು. ಬ್ಯಾಸ್ಕೆಟ್‌ಬಾಲ್‌ಗೆ ವಾರಿಯರ್ಸ್, ಅಮೆರಿಕನ್ ಫುಟ್‌ಬಾಲ್‌ಗೆ ರೇಡರ್ಸ್, ಬೇಸ್‌ಬಾಲ್‌ಗೆ ಎ'ಸ್, ಅಂದರೆ ಅಥ್ಲೆಟಿಕ್ಸ್. 2019ರಲ್ಲಿ ವಾರಿಯರ್ಸ್ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. 2020ರಲ್ಲಿ ರೇಡರ್ಸ್ ಲಾಸ್ ವೇಗಸ್‌ಗೆ ಹೋಯಿತು. 2024ರಲ್ಲಿ ಎ'ಸ್ ಕೂಡ ಹೊರಟಿತು. ಐದು ವರ್ಷದಲ್ಲಿ ಮೂರೂ ಖಾಲಿ.

ನನಗೆ ಹತ್ತಿರವಾಗಿದ್ದು ಎ'ಸ್. ಮೊದಲ ಸಲ ಅವರ ಸ್ಟೇಡಿಯಂ ಕಾಲಿಸಿಯಂಗೆ ಹೋದಾಗ ಬೇಸ್‌ಬಾಲ್‌ನ ಗಂಧಗಾಳಿಯೂ ಗೊತ್ತಿರಲಿಲ್ಲ. ಬಾರ್ಟ್ ರೈಲಿನಿಂದ ಇಳಿದರೆ ಸ್ಟೇಷನ್‌ನಿಂದ ಸ್ಟೇಡಿಯಂವರೆಗೆ ಉದ್ದದ ಕಾಲುಸೇತುವೆ. ಆಚೀಚೆ ಕಾವಲಿ ಇಟ್ಟುಕೊಂಡು ಹಾಟ್‌ಡಾಗ್ ಮಾರುವವರು. ಈರುಳ್ಳಿ, ಮೆಣಸಿನಕಾಯಿ ಹುರಿಯುವ ವಾಸನೆ ಪ್ಲಾಟ್‌ಫಾರ್ಮ್‌ವರೆಗೂ ಬರುತ್ತಿತ್ತು. ಒಳಗೆ ಹೋದರೆ ಬರೀ ಕಾಂಕ್ರೀಟು. ಬಲಗಡೆ ಕೊನೆಯ ಸಾಲುಗಳಲ್ಲಿ ಡ್ರಮ್ ಬಾರಿಸುವವರು.

ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ. ಮಡಿಲಲ್ಲಿ ಉದ್ದನೆಯ ಪುಸ್ತಕ, ಕೈಯಲ್ಲಿ ಮೊಂಡು ಪೆನ್ಸಿಲ್. ಪ್ರತಿ ಎಸೆತಕ್ಕೂ ಏನೋ ಗುರುತು ಹಾಕುತ್ತಿದ್ದರು. ನಾನು ಬಗ್ಗಿ ನೋಡುವುದನ್ನು ಕಂಡು ಪುಸ್ತಕವನ್ನೇ ಈಚೆ ಸರಿಸಿದರು. ಬ್ಯಾಟರ್ ಬೀಸಿ, ಚೆಂಡು ತಾಗದೆ ಔಟಾದರೆ ಕೆ ಅಕ್ಷರ. ಬೀಸದೆ ಸುಮ್ನೆ ನಿಂತು ಔಟಾದರೆ ಅದೇ ಕೆ, ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿ. ಒಂಬತ್ತು ಇನಿಂಗ್ಸ್ ಮುಗಿಯುವ ಹೊತ್ತಿಗೆ ನನಗೆ ಆಟ ಅರ್ಧ ಅರ್ಥವಾಗಿತ್ತು. ಆಟಕ್ಕಿಂತ ಜಾಸ್ತಿ ಅರ್ಥವಾಗಿದ್ದು ಆ ಅಜ್ಜಿ. 1968ರಲ್ಲಿ ತಂಡ ಓಕ್‌ಲ್ಯಾಂಡಿಗೆ ಬಂದಾಗ ಅವರಿಗೆ ಹದಿನೇಳು ವರ್ಷವಂತೆ. ಅವತ್ತಿನಿಂದ ಬರುತ್ತಲೇ ಇದ್ದಾರೆ.

ಹಾಗಿದ್ದ ತಂಡವನ್ನು ಅದರ ಮಾಲೀಕರು ಊರಿನಿಂದ ಕಿತ್ತುಕೊಂಡು ಹೋದರು. ಜನ ನೋಡಕ್ಕೆ ಬರಲ್ಲ ಅನ್ನುವುದು ಒಂದು ಕಾರಣವಾಗಿ ಕೇಳಿಬಂತು. ಒಳ್ಳೆಯ ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಕೊಟ್ಟು, ಟಿಕೆಟ್ ದರ ಏರಿಸಿ, ಆಮೇಲೆ ಜನ ಬರಲ್ಲ ಅಂದರೆ ಹೇಗೆ? 2023ರ ಜೂನ್ 13, ಮಂಗಳವಾರ, ಅಭಿಮಾನಿಗಳೇ ಸೇರಿಕೊಂಡು ಸ್ಟೇಡಿಯಂ ತುಂಬಿಸಿ ತೋರಿಸಿದರು. ಬಹಿಷ್ಕಾರದ ಬದಲು ಎಲ್ಲರೂ ಬಂದು ಕೂರುವುದೇ ಪ್ರತಿಭಟನೆ. 27,759 ಜನ. ನಾನೂ ಹಸಿರು ಟೀ ಶರ್ಟ್ ಹಾಕಿಕೊಂಡು ಹೋಗಿದ್ದೆ. ಐದನೇ ಇನಿಂಗ್ಸ್ ಶುರುವಾದಾಗ ಇಡೀ ಸ್ಟೇಡಿಯಂ ಮೌನ. ಆಮೇಲೆ ಒಂದೇ ದನಿಯಲ್ಲಿ, ತಂಡ ಮಾರಿ, ತಂಡ ಮಾರಿ ಅಂತ ಕೂಗು. ನನಗೆ ಕಣ್ಣು ತುಂಬಿ ಬಂತು. ಆದರೆ ಅದೇ ವಾರ ನೆವಾಡಾ ರಾಜ್ಯ, ಎ'ಸ್ ತಂಡಕ್ಕೆ ಲಾಸ್ ವೇಗಸ್‌ನಲ್ಲಿ ಕಟ್ಟುವ ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸರ್ಕಾರಿ ಹಣ ಕೊಡಲು ಒಪ್ಪಿತು. ನವೆಂಬರ್‌ನಲ್ಲಿ ಲೀಗಿನ 30 ಮಾಲೀಕರೂ ಸ್ಥಳಾಂತರಕ್ಕೆ ಕೈ ಎತ್ತಿದರು. ಒಬ್ಬರೂ ಬೇಡ ಅನ್ನಲಿಲ್ಲ.

2024ರ ಸೆಪ್ಟೆಂಬರ್ 26ರಂದು ಕಾಲಿಸಿಯಂನಲ್ಲಿ ಎ'ಸ್ ಕೊನೆಯ ಪಂದ್ಯ. 46,889 ಜನ. ಟೆಕ್ಸಸ್ ರೇಂಜರ್ಸ್ ವಿರುದ್ಧ 3-2ರಿಂದ ಗೆದ್ದರು. ಗೆದ್ದ ಮೇಲೆ ಯಾರೂ ಮನೆಗೆ ಹೊರಡಲಿಲ್ಲ.

ಈಗ ಆ ತಂಡ ಲಾಸ್ ವೇಗಸ್‌ನಲ್ಲಿ ಸ್ಟೇಡಿಯಂ ಆಗುವವರೆಗೆ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಆಡುತ್ತಿದೆ. ಅದು ರಿವರ್ ಕ್ಯಾಟ್ಸ್ ಎಂಬ ಮೈನರ್ ಲೀಗ್ ತಂಡದ ಅಂಗಳ. ದೊಡ್ಡ ಲೀಗಿನ ತಂಡ ಚಿಕ್ಕ ಲೀಗಿನ ಮನೆಯಲ್ಲಿ ಬಂದು ಉಳಿದಿದೆ. ನಾನು ಅಲ್ಲಿಗೆ ಹೋಗಿಲ್ಲ, ಹೋಗುವುದೂ ಇಲ್ಲ.

ಹೋಗುವುದು ರೈಮಂಡಿ ಪಾರ್ಕಿಗೆ.

ವೆಸ್ಟ್ ಓಕ್‌ಲ್ಯಾಂಡಿನ ಹಳೆಯ ಮೈದಾನ ಅದು. ಎರಡನೇ ಮಹಾಯುದ್ಧದಲ್ಲಿ ಪ್ರಾಣ ಕೊಟ್ಟ ಇದೇ ಊರಿನ ಬೇಸ್‌ಬಾಲ್ ಆಟಗಾರ ಅರ್ನಿ ರೈಮಂಡಿ ಹೆಸರು ಅದಕ್ಕಿದೆ. ಇದೇ ಕಡೆಯ ಮ್ಯಾಕ್‌ಕ್ಲಿಮಂಡ್ಸ್ ಹೈಸ್ಕೂಲಿನಿಂದ ಫ್ರಾಂಕ್ ರಾಬಿನ್ಸನ್, ಕರ್ಟ್ ಫ್ಲಡ್ ಅವರಂಥ ಹೆಸರಾಂತ ಬೇಸ್‌ಬಾಲ್ ಆಟಗಾರರು ಬಂದಿದ್ದಾರೆ. ಬೇಸ್‌ಬಾಲ್ ಈ ಮಣ್ಣಿಗೆ ಹೊಸದಲ್ಲ. ಎ'ಸ್ ಹೋಗುವುದು ಖಚಿತವಾದ ಮೇಲೆ ಈ ಊರಿನ ಇಬ್ಬರು ಗೆಳೆಯರು, ಪಾಲ್ ಫ್ರೀಡ್‌ಮನ್ ಮತ್ತು ಬ್ರಯನ್ ಕಾರ್ಮೆಲ್, ಬ್ಯಾಲರ್ಸ್ ಎಂಬ ಹೊಸ ತಂಡ ಕಟ್ಟಿದರು. ಎ ಹೋದರೆ ಬಿ ಇದೆ, ಅದಕ್ಕೇ ನಾವೆಲ್ಲ ಅದನ್ನು ಬೀಸ್ ಅನ್ನುತ್ತೇವೆ. ಕೆಲವೇ ತಿಂಗಳಲ್ಲಿ ಮೈದಾನ ರಿಪೇರಿ ಮಾಡಿ, ತಗಡಿನ ಮೆಟ್ಟಿಲುಗಳನ್ನು ಜೋಡಿಸಿ, 2024ರ ಜೂನ್ 4ರಂದು ಮೊದಲ ಪಂದ್ಯ ಆಡಿಸಿದರು.

ಆ ದಿನ ನಾನು ಹೋಗಿದ್ದೆ. ಕೂತಲ್ಲಿಂದ ಪಿಚರ್ ಕೈಯಲ್ಲಿ ಚೆಂಡು ತಿರುಗಿಸುವುದು ಕಾಣುತ್ತದೆ. ಕ್ಯಾಚರ್ ಗ್ಲೌಸಿಗೆ ಚೆಂಡು ಬಡಿದ ಸದ್ದು ಎದೆಗೇ ಬಡಿದ ಹಾಗೆ ಕೇಳುತ್ತದೆ. ಹಿಂದೆ ಹೆದ್ದಾರಿಯ ಸದ್ದು, ಬಂದರಿನ ಲಾರಿಗಳು. ಮೂರನೇ ಇನಿಂಗ್ಸ್ ಹೊತ್ತಿಗೆ ಎರಡು ಸಾಲು ಕೆಳಗೆ ನೋಡುತ್ತೇನೆ, ಅದೇ ಅಜ್ಜಿ! ಅದೇ ಥರದ ಉದ್ದ ಪುಸ್ತಕ. ಹೋಗಿ ಮಾತಾಡಿಸಿದೆ. ನನ್ನ ನೆನಪು ಅವರಿಗಿರಲಿಲ್ಲ. ನೀವು ಕೆ ಬರೆಯಲು ಕಲಿಸಿದಿರಿ ಅಂದೆ. "ಹಾಗಾದರೆ ಈ ಇನಿಂಗ್ಸ್ ನೀನೇ ಬರಿ" ಅಂತ ಪೆನ್ಸಿಲ್ ಕೊಟ್ಟರು.

ಈಗ ಚಿಕ್ಕ ಲೀಗ್ ಅನ್ನುವ ಮಾತಿಗೆ ಬರುತ್ತೇನೆ. ಬೀಸ್ ಆಡುವ ಪಯೋನಿಯರ್ ಲೀಗ್ 2020ರವರೆಗೆ ದೊಡ್ಡ ಲೀಗಿನ ಕೆಳಗಿನ ಮೆಟ್ಟಿಲಾಗಿತ್ತು. ಆ ವರ್ಷ ದೊಡ್ಡವರು ತಮ್ಮ ಕೈಕೆಳಗಿನ 160 ತಂಡಗಳನ್ನು 120ಕ್ಕೆ ಇಳಿಸಿದರು. ನಲವತ್ತು ಊರುಗಳಿಗೆ ಒಂದೇ ಏಟಿಗೆ ಕೈ ಕೊಟ್ಟರು. ಪಯೋನಿಯರ್ ಲೀಗ್ ಆಗ ತನ್ನ ಕಾಲ ಮೇಲೆ ನಿಂತಿತು. ಸ್ಕೋರ್ ಸಮವಾದರೆ ಹೆಚ್ಚುವರಿ ಇನಿಂಗ್ಸ್ ಇಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ಬ್ಯಾಟರ್, ತಲಾ ಐದು ಎಸೆತ, ಚೆಂಡನ್ನು ಬೇಲಿಯಾಚೆ ಕಳಿಸುವ ಹೋಮ್ ರನ್ ಯಾರು ಜಾಸ್ತಿ ಹೊಡೆಯುತ್ತಾರೋ ಅವರು ಗೆದ್ದರು. ಇದೇನು ತಮಾಷೆ ಅಂತ ಮೊದಮೊದಲು ನನಗೂ ಅನ್ನಿಸಿತ್ತು. ನಾಲ್ಕು ಸಾವಿರ ಜನ ಎದ್ದು ನಿಂತು ಐದನೇ ಚೆಂಡಿಗೆ ಕಾಯುವುದನ್ನು ಕಂಡ ಮೇಲೆ ಆ ಮಾತು ವಾಪಸ್ ತಗೊಂಡೆ. ಕೆಲ್ಸಿ ವಿಟ್‌ಮೋರ್ ಈ ಲೀಗಿನಲ್ಲಿ ಪಂದ್ಯದ ಮೊದಲ ಎಸೆತದಿಂದಲೇ ಆಡಿದ ಮೊದಲ ಹೆಣ್ಣುಮಗಳು. 2024ರಲ್ಲಿ ನಮ್ಮ ಹಸಿರು ಅಂಗಿಯಲ್ಲೇ ಆಡಿದಳು. ನನ್ನ ಮಗಳು ಅವಳ ಸಹಿ ಹಾಕಿಸಿಕೊಂಡ ಟೋಪಿಯನ್ನು ಒಗೆಯಲು ಬಿಡುವುದಿಲ್ಲ.

2025ರಲ್ಲಿ ಬೀಸ್ ಫೈನಲ್ ಸರಣಿಯ ಮೊದಲ ಎರಡು ಪಂದ್ಯ ಸೋತು, ಮನೆಯಂಗಳಕ್ಕೆ ಬಂದು ಮೂರನ್ನೂ ಗೆದ್ದರು. 1989ರ ನಂತರ ಓಕ್‌ಲ್ಯಾಂಡಿಗೆ ಬಂದ ಮೊದಲ ಬೇಸ್‌ಬಾಲ್ ಕಿರೀಟ ಇದು.

ಎಲ್ಲವೂ ಸರಿ ಅಂತ ಹೇಳುತ್ತಿಲ್ಲ. 2025ರಲ್ಲಿ ಒಂದು ಪಂದ್ಯದಲ್ಲಿ ಪಿಚರ್ ಯಾವಾಗ ಬದಲಾಗಬೇಕು, ಯಾರು ಮೊದಲು ಆಡಬೇಕು ಅನ್ನುವ ತೀರ್ಮಾನಗಳನ್ನು ಎಐಗೆ ಬಿಟ್ಟರು. ನನಗೆ ಅದು ಇಷ್ಟವಾಗಲಿಲ್ಲ. ನಾನು ಕೆಲಸ ಮಾಡುವುದೂ ಸಾಫ್ಟ್‌ವೇರ್‌ನಲ್ಲೇ, ದಿನವಿಡೀ ಅದನ್ನೇ ನೋಡುತ್ತೇನೆ. ಪಾರ್ಕಿಗೆ ಹೋಗುವುದು ತಂಡದ ಮ್ಯಾನೇಜರ್ ತಲೆ ಕೆರೆದುಕೊಳ್ಳುವುದನ್ನು ನೋಡಕ್ಕೆ. ಆದರೆ ನಮ್ಮ ತಂಡದಲ್ಲಿ ಹೀಗೆ ಬೇಡ ಅಂತ ಹೇಳುವ ದಾರಿ ನಮಗಿದೆ. ತಂಡದ ಷೇರುಗಳನ್ನು ಅಭಿಮಾನಿಗಳಿಗೆ ಮಾರಿದ್ದಾರೆ. ಊರು ಬದಲಿಸುವಂಥ ದೊಡ್ಡ ತೀರ್ಮಾನದಲ್ಲಿ ನಮ್ಮ ಮಾತು ನಡೆಯುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಟ್ರೋಫಿ ಆಮೇಲೆ.

ಫುಟ್‌ಬಾಲ್ ಕಥೆಯೂ ಹೀಗೇ. ಇಲ್ಲಿಯವರು ಸಾಕರ್ ಅನ್ನುತ್ತಾರೆ, ನನ್ನ ಬಾಯಿಗೆ ಅದು ಇನ್ನೂ ಬಂದಿಲ್ಲ. ಓಕ್‌ಲ್ಯಾಂಡ್ ರೂಟ್ಸ್ 2018ರಲ್ಲಿ ಹುಟ್ಟಿತು. 2021ರಿಂದ ಯುಎಸ್‌ಎಲ್ ಚಾಂಪಿಯನ್‌ಶಿಪ್‌ನಲ್ಲಿ ಆಡುತ್ತಿದೆ. ಅಂದರೆ ದೇಶದ ಎರಡನೇ ದರ್ಜೆ. ಮೊದಲು ಲೇನಿ ಕಾಲೇಜಿನ ಮೈದಾನ, ಆಮೇಲೆ ಹೇವರ್ಡ್‌ನ ವಿಶ್ವವಿದ್ಯಾಲಯದ ಮೈದಾನ, ಬಾಡಿಗೆ ಮನೆ ಬದಲಿಸಿದ ಹಾಗೆ ತಿರುಗಿ 2025ರ ಮಾರ್ಚ್‌ನಲ್ಲಿ ಕಾಲಿಸಿಯಂಗೆ ಬಂತು. ಎ'ಸ್ ಬಿಟ್ಟುಹೋದ ಅದೇ ಕಾಲಿಸಿಯಂ! ಮೊದಲ ಪಂದ್ಯಕ್ಕೆ 26 ಸಾವಿರಕ್ಕೂ ಜಾಸ್ತಿ ಜನ. ಅದೇ ಕಾಲುಸೇತುವೆ, ಅದೇ ಈರುಳ್ಳಿ ವಾಸನೆ.

ಸಿಕ್ಕಾಪಟ್ಟೆ ದುಡ್ಡು ಹಾಕಿ ರೂಟ್ಸ್ ಎಂಎಲ್‌ಎಸ್, ಅಂದರೆ ಇಲ್ಲಿನ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್, ಸೇರಬೇಕು ಅನ್ನುವವರಿದ್ದಾರೆ. ನನಗೆ ಅದು ಬೇಡ. ಸ್ಯಾನ್ ಡಿಯಾಗೋಗೆ ಎಂಎಲ್‌ಎಸ್ ಜಾಗ ಸಿಕ್ಕಿದ್ದು 50 ಕೋಟಿ ಡಾಲರಿಗೆ. ಆ ಊರಿನಲ್ಲಿ ಆಗಲೇ ಲಾಯಲ್ ಅಂತ ಒಂದು ಯುಎಸ್‌ಎಲ್ ತಂಡ ಇತ್ತು. ಜನರೂ ಇದ್ದರು. ದೊಡ್ಡದು ಬರುತ್ತದೆ ಅಂದ ವರ್ಷವೇ, 2023ರಲ್ಲಿ, ಅದು ಬಾಗಿಲು ಮುಚ್ಚಿತು. ಇನ್ನೊಂದು ಯುಎಸ್‌ಎಲ್ ತಂಡ ಸ್ಯಾಕ್ರಮೆಂಟೊ ರಿಪಬ್ಲಿಕ್‌ಗೆ 2019ರಲ್ಲಿ ಎಂಎಲ್‌ಎಸ್ ಜಾಗ ಘೋಷಣೆಯೇ ಆಗಿತ್ತು. 2021ರಲ್ಲಿ ಮುಖ್ಯ ಹೂಡಿಕೆದಾರ ಹಿಂದೆ ಸರಿದ, ಎಲ್ಲ ಬಿತ್ತು. ಮರುವರ್ಷವೇ ಅದೇ ತಂಡ, ಬೇರೆ ಬೇರೆ ದರ್ಜೆಯ ತಂಡಗಳು ಆಡುವ ಯುಎಸ್ ಓಪನ್ ಕಪ್‌ನಲ್ಲಿ ಎಂಎಲ್‌ಎಸ್ ತಂಡಗಳನ್ನು ಒಂದರ ಹಿಂದೆ ಒಂದು ಮಣಿಸಿ ಫೈನಲ್‌ವರೆಗೆ ಹೋಯಿತು. ಆಟ ಆಡಿ ಮೇಲೆ ಹೋಗುವ ದಾರಿ ಇರಬೇಕು, ದುಡ್ಡು ಎಣಿಸಿ ಅಲ್ಲ. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ ಅನ್ನುವ ಪದ್ಧತಿ ತರಲು ಯುಎಸ್‌ಎಲ್ ಕ್ಲಬ್‌ಗಳು 2025ರಲ್ಲಿ ಮತ ಹಾಕಿವೆ. ನಾನು ಕಾಯುತ್ತಿರುವುದು ಅದಕ್ಕೆ.

ನನಗೆ ಇಷ್ಟು ಹಟ ಎಲ್ಲಿಂದ ಬಂತು ಅಂದರೆ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಿಂದ. ಅಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿದ್ದರು. ಭಾನುವಾರ ಲೀಗ್ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಭಾನುವಾರ ಗೋಲು ಹೊಡೆದ ಅಂಕಲ್ ಸೋಮವಾರ ಬೆಳಗ್ಗೆ ಟಿಫನ್ ಕ್ಯಾರಿಯರ್ ಹಿಡಿದು ಅಪ್ಪನ ಜೊತೆ ಬಸ್‌ಗೆ ನಿಂತಿರುತ್ತಿದ್ದರು. ಐಟಿಐ, ಎಚ್‌ಎಎಲ್ ಎರಡೂ ದೇಶದ ಲೀಗ್‌ಗಳಲ್ಲಿ ಆಡಿದ ತಂಡಗಳು. ಈಗ ಅವುಗಳ ಮಾತೇ ಇಲ್ಲ. ಬೆಂಗಳೂರು ಎಫ್‌ಸಿ ಅದೇ ಸ್ಟೇಡಿಯಂನಲ್ಲಿ ಶುರುವಾಗಿ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ನಾನು ಇಲ್ಲಿ ರಾತ್ರಿ ನಿದ್ದೆಗೆಟ್ಟು ಸ್ಕೋರ್ ನೋಡುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಅನ್ನುವ ಗೊಂದಲದಲ್ಲಿ ಅದೇ ಕ್ಲಬ್ ಆಟಗಾರರ ಸಂಬಳ ನಿಲ್ಲಿಸಬೇಕಾಗಿ ಬಂತು. ಸುದ್ದಿ ಓದಿ ಹೊಟ್ಟೆಯಲ್ಲಿ ಸಂಕಟ. ಮೇಲಿನ ನಾಲ್ಕು ಜನ ಒಪ್ಪಂದಕ್ಕೆ ಬರದಿದ್ದರೆ ಸ್ಟೇಡಿಯಂನ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುವ ಹುಡುಗರ ಕೈಯಲ್ಲಿ ಏನಿದೆ ಹೇಳಿ?

ನಮ್ಮವರಲ್ಲಿ ಬಹಳ ಜನ ವಾರಿಯರ್ಸ್ ಟಿಕೆಟ್‌ಗೆ ನೂರಾರು ಡಾಲರ್ ಕೊಡುತ್ತೀರಿ. ಕೊಡಿ, ಒಳ್ಳೆಯ ತಂಡ. ಆದರೆ ಮಕ್ಕಳನ್ನು ಒಂದು ಸಲ ರೈಮಂಡಿ ಪಾರ್ಕಿಗೂ ಕರೆದುಕೊಂಡು ಬನ್ನಿ. ಪಂದ್ಯ ಶುರುವಾಗುವ ಮೊದಲು ಬೇಲಿ ಹತ್ತಿರ ನಿಂತರೆ ಆಟಗಾರರೇ ಬಂದು ಮಾತಾಡಿಸುತ್ತಾರೆ. ಪೊಸಮ್ ಎಂಬ ಪ್ರಾಣಿಯ ವೇಷದ ಮಾಸ್ಕಾಟ್ ಸ್ಕ್ರಾಪಿ ನಿಮ್ಮ ಮಗುವಿನ ತಲೆ ಸವರಿ ಹೋಗುತ್ತದೆ.

ಮಾರ್ಚ್‌ನಲ್ಲಿ ರೂಟ್ಸ್, ಮೇನಲ್ಲಿ ಬೀಸ್ ಮತ್ತೆ ಶುರು. ಫ್ರೀಮಾಂಟ್ ಸ್ಟೇಷನ್‌ನಿಂದ ಒಟ್ಟಿಗೆ ಹೋಗೋಣ. ಬರುವವರು ಮೆಸೇಜ್ ಮಾಡಿ, ಪುಳಿಯೋಗರೆ ನಾನು ತರುತ್ತೇನೆ. ಸ್ಕೋರ್ ಪುಸ್ತಕವನ್ನು ಮಗಳು ತರುತ್ತಾಳೆ, ಪೆನ್ಸಿಲ್ ಮಾತ್ರ ಅವಳು ಯಾರಿಗೂ ಕೊಡಲ್ಲ.