ಓದದ ಡಿಸ್ಕ್‌ಗೆ ಟೂತ್‌ಪೇಸ್ಟ್ ಮದ್ದೇ? ಸ್ಪಷ್ಟನೆ

ಬರ್ನ್ ಮಾಡಿದ ಸಿಡಿ, ಡಿವಿಡಿ ಕಂಪ್ಯೂಟರಿನಲ್ಲಿ ಓಪನ್ ಆಗದಿದ್ದರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಎಂಬ ಸಲಹೆ ಹರಿದಾಡುತ್ತಿದೆ. ಇದು ಅರೆಸತ್ಯ. ಪೇಸ್ಟು ಹೊಳಪಿನ ಬದಿಯ ತೆಳು ಗೀರನ್ನಷ್ಟೇ ನಯ ಮಾಡೀತು. ಸಿಡಿಯ ಪ್ರತಿಫಲಕ ಪದರ ಇರುವುದು ಲೇಬಲ್ಲಿನ ಅಡಿಯಲ್ಲೇ. ಅದು ಕಿತ್ತುಬಂದರೆ ಯಾವ ಉಜ್ಜಾಟವೂ ನಡೆಯದು.

ಗೀರೇ ಇಲ್ಲದ ಡಿಸ್ಕ್ ಓದದಿದ್ದರೆ ಮೊದಲ ಅನುಮಾನ ಫೈನಲೈಸ್ (ಬರೆದು ಮುಗಿದ ಡಿಸ್ಕನ್ನು ಬೇರೆ ಯಂತ್ರಗಳೂ ಓದುವಂತೆ ಮುಕ್ತಾಯ ಮಾಡುವುದು) ಆಗಿಲ್ಲ ಎಂಬುದರ ಮೇಲಿರಲಿ. ಡಿವಿಡಿ ರೆಕಾರ್ಡರ್, ಡಿವಿಡಿ ಕ್ಯಾಮೆರಾಗಳಲ್ಲಿ ಬರೆದವುಗಳ ಮಾಮೂಲಿ ಕಾಯಿಲೆಯಿದು: ಕಂಪ್ಯೂಟರ್ 'ಖಾಲಿ' ಎನ್ನುತ್ತದೆ. ನಂಬಿ ಏನನ್ನೂ ಬರೆಯಬೇಡಿ. ಬರೆದ ಯಂತ್ರಕ್ಕೇ ಮತ್ತೆ ಹಾಕಿ, ಮೆನುವಿನಲ್ಲಿ ಫೈನಲೈಸ್ ಕೊಡಿ. ಆಗಲೂ ಓದದಿದ್ದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ (ಸುತ್ತ ಒರೆಸಿದರೆ ಗೀರು ಟ್ರ್ಯಾಕಿನುದ್ದಕ್ಕೂ ಬೀಳುತ್ತದೆ), ಬೇರೆ ಡ್ರೈವ್‌ನಲ್ಲಿ ನೋಡಿ. ಓಪನ್ ಆದೊಡನೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.